ಕೂತ್ಕೊಳ್ಳಿ ಅನ್ನಬೇಡಿ

ಮೈಸೂರಿನ ಹಳೇ ಬಡಾವಣೆಯ ಒಂದು ಮನೆ. ಹಿತ್ತಲಲ್ಲಿ ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು, ಮೂಲೆಯಲ್ಲಿ ಬಹಳ ವರ್ಷಗಳಿಂದ ಯಾರೂ ರುಬ್ಬದ ಒರಳುಕಲ್ಲು. ಅಕ್ಕನಿಗೆ 71, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ತಮ್ಮನಿಗೆ 63, ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಅಲ್ಲೇ ನೆಲೆ ನಿಂತವನು. ಮದುವೆಗೆಂದು ಬಂದವನು ಅಕ್ಕನ ಮನೆಯಲ್ಲಿ ಎರಡು ದಿನ ಉಳಿದಿದ್ದಾನೆ. ಸಂಜೆ ಐದು ಗಂಟೆ.

ತಮ್ಮ: ಅಕ್ಕಾ, ಆ ಚೀಲ ಇಳಿಸು ಮೊದ್ಲು. ನಾನು ತರ್ತೀನಿ. ಅಕ್ಕಿ ಚೀಲ ಹೊರೋ ವಯಸ್ಸಾ ಇದು?

ಅಕ್ಕ: ಅಕ್ಕಿ ಅಲ್ಲ ಕಣೋ, ರಾಗಿ. 5 ಕೆ.ಜಿ. ಎಲ್ಲಿಗೂ ಸಾಗಿಸ್ತಾ ಇಲ್ಲ. ಇದನ್ನ ಎದೆಗೆ ಅವುಚ್ಕೊಂಡು ಈ ಸ್ಟೂಲ್ ಮೇಲೆ ಕೂತು ಏಳ್ತೀನಿ, ಹತ್ತು ಸಲ. ಇವತ್ತು ಗುರುವಾರ, ನನ್ನ ಸಾಮಿನ ದಿನ.

ತಮ್ಮ: ಸಾಮು? ಅಪ್ಪ ಗರಡಿಗೆ ಹೋಗಿ ತೆಗೀತಿದ್ರಲ್ಲ, ಆ ಸಾಮಾ?

ಅಕ್ಕ: ಅದೇ. ಬೇರೆ ಹೆಸರು ಯಾಕೆ ಹುಡುಕಲಿ? ಭಾರ ಎತ್ತಿ, ಬಗ್ಗಿ ಎದ್ದು ಮೈ ಗಟ್ಟಿ ಮಾಡ್ಕೊಳ್ಳೋದಕ್ಕೆ ನಮ್ಮೂರಲ್ಲಿ ಇದ್ದ ಮಾತೇ ಅದು.

ತಮ್ಮ: ಈ ವಯಸ್ಸಿಗೆ ವಾಕಿಂಗ್ ಸಾಕಲ್ವಾ ಅಕ್ಕ? ನಾನು ದಿನಾ ಬೆಳಿಗ್ಗೆ ಕುಂದವಾಡ ಕೆರೆ ಹತ್ರ 5 ಕಿಲೋಮೀಟರ್ ನಡೀತೀನಿ. ಮಳೆ ಬಂದ್ರೂ ಬಿಡಲ್ಲ.

ಅಕ್ಕ: ಬಿಡಬೇಡ. ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ಎಲ್ಲಕ್ಕೂ ಅದು ಬೇಕು. ಆದರೆ ಈಗ ಒಂದು ಕೆಲಸ ಮಾಡು. ಆ ಮರದ ಕುರ್ಚಿಯನ್ನ ಗೋಡೆಗೆ ಒತ್ತಿ ಇಟ್ಟು ಕೂತ್ಕೋ. ಎರಡು ಕೈನೂ ಎದೆ ಮೇಲೆ ಕಟ್ಕೋ. ಕೈ ಊರದೆ ಪೂರ್ತಿ ಎದ್ದು ನಿಲ್ಲು, ಮತ್ತೆ ಕೂರು. 30 ಸೆಕೆಂಡಿನಲ್ಲಿ ಎಷ್ಟಾಗುತ್ತೆ ನೋಡೋಣ. ಗಡಿಯಾರ ನಾನು ನೋಡ್ತೀನಿ.

ತಮ್ಮ: ಸರಿ. ಒಂದು, ಎರಡು, ಮೂರು... ಆರು... ಅಬ್ಬಾ, ತೊಡೆ ಹಿಡೀತಾ ಇದೆ... ಎಂಟು. ಒಂಬತ್ತು. ಹತ್ತು.

ಅಕ್ಕ: ಆಯ್ತು, ಸಾಕು. ಸುಧಾರಿಸ್ಕೋ. ಏಳನೇದರಿಂದ ಮೈಯನ್ನ ಮುಂದಕ್ಕೆ ಬೀಸಿ ಬೀಸಿ ಏಳ್ತಾ ಇದ್ದೆ, ಗೊತ್ತಾಯ್ತಾ? ಅಮೆರಿಕದಲ್ಲಿ ಸಿಡಿಸಿ ಅನ್ನೋ ಸರ್ಕಾರಿ ಆರೋಗ್ಯ ಸಂಸ್ಥೆ ಇದೆಯಲ್ಲ, ವಯಸ್ಸಾದವರು ಬೀಳೋ ಅಪಾಯ ಎಷ್ಟಿದೆ ಅಂತ ನೋಡೋಕೆ ಅವರು ಇಟ್ಕೊಂಡಿರೋ ಪರೀಕ್ಷೆಗಳಲ್ಲಿ ಇದೂ ಒಂದು. 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ ಕಮ್ಮಿ ಮಾಡಿದ್ರೆ ಎಚ್ಚರ ವಹಿಸಬೇಕು ಅಂತಾರೆ. 70ರಿಂದ 74ರ ಹೆಂಗಸರಿಗೆ ಆ ಗೆರೆ 10.

ತಮ್ಮ: ನೀನೆಷ್ಟು ಮಾಡ್ತೀಯ?

ಅಕ್ಕ: ಮೊನ್ನೆ 15 ಆಯ್ತು. ಎರಡು ವರ್ಷದ ಹಿಂದೆ 6.

ತಮ್ಮ: ದಿನಾ 5 ಕಿಲೋಮೀಟರ್ ನಡೆಯೋ ಕಾಲು ಹತ್ತಕ್ಕೇ ಸೋತಿತಲ್ಲ. ಇದು ಹೇಗೆ?

ಅಕ್ಕ: ನನಗೂ ಅದೇ ಆಶ್ಚರ್ಯ ಆಗಿತ್ತು. ಕೈ ಮುರಿದಾಗ ಫಿಸಿಯೋಥೆರಪಿ ಮಾಡಿಸ್ತಿದ್ದ ಹುಡುಗಿ ಬಿಡಿಸಿ ಹೇಳಿದ್ಲು. ನಮ್ಮ ಮಾಂಸಖಂಡದಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ನಿಧಾನದ್ದು. ಹೆಚ್ಚು ಹೊತ್ತು ನಿಲ್ಲೋಕೆ, ನಡೆಯೋಕೆ ಅದು ಸಾಕು, ಬೇಗ ದಣಿಯಲ್ಲ. ಇನ್ನೊಂದು ಚುರುಕಿನದು. ಥಟ್ಟನೆ ಏಳೋಕೆ, ಭಾರ ಎತ್ತೋಕೆ, ಎಡವಿದಾಗ ಮುಂದಿನ ಹೆಜ್ಜೆ ಹಾಕಿ ಮೈ ತಡೆಯೋಕೆ ಅದು ಬೇಕು. ವಯಸ್ಸಾದ ಹಾಗೆ ಹೆಚ್ಚು ಸೊರಗೋದು ಈ ಚುರುಕಿನದೇ. ಸಮತಟ್ಟಿನ ದಾರೀಲಿ ಆರಾಮಾಗಿ ನಡೆದ್ರೆ ಅದಕ್ಕೆ ಹೆಚ್ಚೇನೂ ಕೆಲಸ ಸಿಗಲ್ಲ. ನಡಿಗೆ ಚೆನ್ನಾಗೇ ಇರುತ್ತೆ, ಒಳಗೆ ಚುರುಕು ಹೋಗಿರುತ್ತೆ. ಎಡವಿದ ದಿನವೇ ಗೊತ್ತಾಗೋದು.

ತಮ್ಮ: ನೀನು ಬಿದ್ದ ದಿನ.

ಅಕ್ಕ: ಹೂಂ. ಬಚ್ಚಲುಮನೆ ಹೊಸ್ತಿಲು ತಾಕಿತು. ಬಲಗೈ ಮುಂದಕ್ಕೆ ಬಂತು, ನೆಲಕ್ಕೆ ಊರಿತು, ಮಣಿಕಟ್ಟು ಮುರೀತು. ಪ್ಲಾಸ್ಟರ್ ಹಾಕ್ತಾ ಮೂಳೆ ಡಾಕ್ಟರು ಹೇಳಿದ ಮಾತು ಇವತ್ತಿಗೂ ಕಿವೀಲಿದೆ. ಕೈ ಮುಂದೆ ಬಂತಲ್ಲ ಅಮ್ಮ, ಅದು ನಿಮ್ಮ ಪುಣ್ಯ. ಇನ್ನು ಹತ್ತು ವರ್ಷ ಹೀಗೇ ಇದ್ರೆ ಕೈ ಬರೋಕೆ ಮುಂಚೆ ಸೊಂಟ ಬಂದಿರುತ್ತೆ ಅಂದ್ರು. ಆಗ ನನಗೆ ಅಮ್ಮ ಕಣ್ಣೆದುರು ಬಂದ್ಲು ಕಣೋ. ಅಮ್ಮನ ಕೈ ಮುಂದೆ ಬರಲಿಲ್ಲ.

ತಮ್ಮ: ದೇವರಮನೆಯಿಂದ ನಡುಮನೆಗೆ ಬರ್ತಾ.

ಅಕ್ಕ: ನಾಲ್ಕು ಹೆಜ್ಜೆ. ಒಂದು ಮಗ್ಗುಲಾಗಿ ಹಾಗೇ ಕುಸಿದ್ಲು. ತೊಡೆಮೂಳೆಯ ಕತ್ತು ಮುರೀತು. ಆಪರೇಷನ್ ಆಯ್ತು, ಸರಿಯಾಗೇ ಆಯ್ತು. ಆದರೆ ಎದ್ದು ನಿಲ್ಲೋಕೆ ಕಾಲಲ್ಲಿ ಏನೂ ಉಳಿದಿರಲಿಲ್ಲ. ಹತ್ತು ತಿಂಗಳು ಮಂಚದ ಮೇಲೆ. ನೀನು ತಿಂಗಳಿಗೆರಡು ಸಲ ರಾತ್ರಿ ಬಸ್ಸಲ್ಲಿ ಬರ್ತಿದ್ದೆ.

ತಮ್ಮ: ಆ ದಿನಗಳನ್ನ ನೆನೆಸ್ಕೊಳ್ಳೋಕೆ ಆಗಲ್ಲ ಅಕ್ಕ. ನಾವು ಯಾವುದಕ್ಕೂ ಕಮ್ಮಿ ಮಾಡಲಿಲ್ಲ.

ಅಕ್ಕ: ಕಮ್ಮಿ ಮಾಡಲಿಲ್ಲ, ನಿಜ. ನಾನು ಹೇಳ್ತಿರೋದು ಅದಕ್ಕೂ ಮುಂಚಿನ ಎಂಟು ಹತ್ತು ವರ್ಷದ ಮಾತು. ಅಮ್ಮ ಒಂದು ದಿನಕ್ಕೆ ಎಷ್ಟು ಸಲ ನೆಲದಿಂದ ಏಳ್ತಿದ್ಲು, ಯಾವತ್ತಾದ್ರೂ ಲೆಕ್ಕ ಹಾಕಿದೀಯಾ? ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ. ತರಕಾರಿಗೆ ಈಳಿಗೆಮಣೆ ಮುಂದೆ. ರುಬ್ಬೋಕೆ ಆ ಒರಳಿನ ಮುಂದೆ. ಪೂಜೆಗೆ, ಊಟಕ್ಕೆ, ಊಟ ಆದ ಮೇಲೆ ಗೋಮ ಹಚ್ಚೋಕೆ, ಬಟ್ಟೆ ಮಡಿಸೋಕೆ, ಅಕ್ಕಿ ಆರಿಸೋಕೆ. ಮೂವತ್ತಕ್ಕೆ ಕಮ್ಮಿ ಇರಲಿಲ್ಲ. 65 ದಾಟಿದ ಮೇಲೂ ಕೈ ಊರದೆ ಏಳ್ತಿದ್ಲು, ನಾನೇ ನೋಡಿದೀನಿ. ಆಮೇಲೆ ನನ್ನ ಸಂಬಳದಲ್ಲಿ ಗ್ರೈಂಡರ್ ತಂದೆ. ನೀನು ದೇವರಮನೆಗೆ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟೆ, ಅಮ್ಮನಿಗೆ ಮಂಡಿ ನೋವು ಅಂತ. ಊಟದ ಮೇಜು ಬಂತು. ಕಮೋಡ್ ಬಂತು. ಕೆಲಸದವಳು ಬಂದ್ಲು. ಅಮ್ಮ ಎದ್ದಾಗಲೆಲ್ಲ ನಮ್ಮ ಬಾಯಲ್ಲಿ ಒಂದೇ ಮಾತು: ನೀನು ಕೂತ್ಕೋಮ್ಮ, ನಾವು ಮಾಡ್ತೀವಿ. ಮೂವತ್ತು ಸಲ ಏಳ್ತಿದ್ದ ಕಾಲಿಗೆ ಕೊನೆಗೆ ಆರೇಳು ಸಲ ಏಳೋ ಕೆಲಸ ಉಳೀತು, ಅದೂ ಕುರ್ಚಿಯ ಕೈ ಹಿಡಿದು.

ತಮ್ಮ: ಅಂದ್ರೆ ಗ್ರೈಂಡರ್ ತಂದಿದ್ದು ತಪ್ಪು ಅಂತೀಯಾ? ಬೆನ್ನು ಮುರಿಯೋ ಹಾಗೆ ರುಬ್ಬಿದ್ದು ಸಾಲದಾಗಿತ್ತಾ ಅವಳಿಗೆ?

ಅಕ್ಕ: ತಪ್ಪು ಅನ್ನಲ್ಲ. ಆ ದುಡಿಮೆಯನ್ನ ನಾನು ಹೊಗಳೋದೂ ಇಲ್ಲ. ಹಬ್ಬದ ದಿನ ಎರಡು ಸೇರು ಉದ್ದಿನಬೇಳೆ ರುಬ್ಬಿ ರಾತ್ರಿ ತೋಳು ಎತ್ತೋಕಾಗದೆ ನರಳಿದ್ದನ್ನ ನೋಡಿದೀನಿ. ಗ್ರೈಂಡರ್ ಬರಲೇಬೇಕಿತ್ತು. ತೆಗೆದ ಜಾಗದಲ್ಲಿ ನಾವು ಏನನ್ನೂ ಇಡಲಿಲ್ಲ, ನನ್ನ ಕೊರಗು ಅದು. ದಣಿಸೋ ಕೆಲಸದ ಜೊತೆಗೆ ಮೈಯನ್ನ ಕಾಯ್ತಿದ್ದ ಕೆಲಸನೂ ಹೋಯ್ತು. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಹೊರಗೆ ಹಾಕಿಬಿಟ್ವಿ.

ತಮ್ಮ: ಪ್ರೀತಿಯಿಂದ ಮಾಡಿದ್ವಿ ಅಕ್ಕ.

ಅಕ್ಕ: ಪ್ರೀತಿಯಿಂದಲೇ. ಅದಕ್ಕೇ ಯಾರೂ ತಡೀಲಿಲ್ಲ.

ತಮ್ಮ: ಆದರೆ ವಯಸ್ಸಾದ್ರೆ ಶಕ್ತಿ ಕುಂದೋದು ಇದ್ದದ್ದೇ ಅಲ್ವಾ? ಪ್ರಕೃತಿ ನಿಯಮ.

ಅಕ್ಕ: ಕುಂದುತ್ತೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8 ಪಾಲಿನಷ್ಟು ಮಾಂಸಖಂಡ ಕರಗುತ್ತೆ, ಅರವತ್ತರ ನಂತರ ಇನ್ನೂ ಬೇಗ. ಬಲ ಅದಕ್ಕಿಂತ ಬೇಗ ಇಳಿಯುತ್ತೆ. ಇದಕ್ಕೆ ಹೆಸರೇ ಇರಲಿಲ್ಲ ನೋಡು. 1989ರಲ್ಲಿ ಅರ್ವಿನ್ ರೋಸೆನ್‌ಬರ್ಗ್ ಅನ್ನೋ ಅಮೆರಿಕದ ವಿಜ್ಞಾನಿ ಸಾರ್ಕೋಪೀನಿಯಾ ಅಂತ ಕರೆದ್ರು. ಗ್ರೀಕ್ ಭಾಷೇಲಿ ಮಾಂಸದ ಬಡತನ ಅಂತ ಅರ್ಥ. ಹೆಸರಿಲ್ಲದ ಕಾಯಿಲೆಯನ್ನ ಯಾರು ಹುಡುಕ್ತಾರೆ? ಮುಪ್ಪು ಅಂತ ಒಂದೇ ಮಾತಲ್ಲಿ ಮುಗಿಸ್ತಿದ್ರು. ಆದರೆ ಮುಪ್ಪಿನಿಂದ ಹೋಗೋದೆಷ್ಟು, ಸುಮ್ಮನೆ ಕೂತು ಹೋಗೋದೆಷ್ಟು, ಇದನ್ನ ಬೇರೆ ಮಾಡಿ ನೋಡ್ಬೇಕು. ಡಲ್ಲಾಸ್‌ನಲ್ಲಿ 1966ರಲ್ಲಿ ಇಪ್ಪತ್ತರ ವಯಸ್ಸಿನ ಐದು ಜನ ಹುಡುಗರನ್ನ ಮೂರು ವಾರ ಹಾಸಿಗೆ ಬಿಟ್ಟು ಏಳದ ಹಾಗೆ ಮಲಗಿಸಿದ್ರು. ಅದೇ ಐದು ಜನರನ್ನ ಮೂವತ್ತು ವರ್ಷ ಆದ ಮೇಲೆ ಮತ್ತೆ ಕರೆಸಿ ಪರೀಕ್ಷೆ ಮಾಡಿದ್ರು. ಮೂವತ್ತು ವರ್ಷದ ವಯಸ್ಸು ಕಿತ್ಕೊಂಡ ದಮ್ಮಿಗಿಂತ ಆ ಮೂರು ವಾರದ ಹಾಸಿಗೆ ಕಿತ್ಕೊಂಡಿದ್ದೇ ಹೆಚ್ಚಾಗಿತ್ತು.

ತಮ್ಮ: ಮೂರೇ ವಾರಕ್ಕೆ!

ಅಕ್ಕ: ಇಪ್ಪತ್ತರ ಹುಡುಗರಿಗೆ. ಅಮ್ಮ 78. ಜ್ವರ ಅಂತ ಒಂದು ವಾರ ಮಲಗಿದ್ರೂ ಆ ವಯಸ್ಸಲ್ಲಿ ತೊಡೆ ಎಷ್ಟು ಸಣ್ಣಗಾಗುತ್ತೆ ಯೋಚನೆ ಮಾಡು. ಹೋದದ್ದು ತಾನಾಗಿ ಬರಲ್ಲ.

ತಮ್ಮ: ಹೋದದ್ದು ಮತ್ತೆ ಬರುತ್ತೆ ಅಂತ ನಿನಗೆ ಹೇಗೆ ನಂಬಿಕೆ ಬಂತು? ನಿನ್ನದು 71. ಹೊಸದಾಗಿ ಮಾಂಸ ಬೆಳೆಯುತ್ತಾ?

ಅಕ್ಕ: ಬೆಳೆಯುತ್ತೆ. ಇದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ನನ್ನ ಮನಸ್ಸು ಬದಲಾಗಿದ್ದು ಇದನ್ನ ಓದಿದ ಮೇಲೆ. ಬೋಸ್ಟನ್‌ನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಮಾರಿಯಾ ಫಿಯಾಟರೋನ್ ಅನ್ನೋ ವೈದ್ಯೆ ಮಾಡಿದ ಪ್ರಯೋಗ, 1990ರಲ್ಲಿ ಪ್ರಕಟ ಆಯ್ತು. ಹತ್ತು ಜನ. ಎಲ್ಲರಿಗಿಂತ ಚಿಕ್ಕವರಿಗೆ 86, ದೊಡ್ಡವರಿಗೆ 96. ಗಟ್ಟಿಮುಟ್ಟಾದ ಮುದುಕರಲ್ಲ, ದೊಣ್ಣೆ ಹಿಡಿದವರು, ಬಿದ್ದು ಎದ್ದವರು, ಹೃದಯದ ತೊಂದರೆ ಇದ್ದವರು. ಅವರಿಗೆ ಕೂತಲ್ಲೇ ಕಾಲು ಚಾಚಿ ಭಾರ ಎತ್ತೋ ಕೆಲಸ ಕೊಟ್ರು, ವಾರಕ್ಕೆ ಮೂರು ದಿನ. ಅದೂ ಹೂವಿನಂಥ ಭಾರ ಅಲ್ಲ. ಅವರವರು ಒಂದು ಸಲ ಎತ್ತಬಲ್ಲ ಗರಿಷ್ಠ ಭಾರದ ನೂರಕ್ಕೆ 80ರಷ್ಟು. ಎಂಟು ವಾರ ಆಯ್ತು. ಒಂಬತ್ತು ಜನ ಕೊನೇವರೆಗೂ ಮಾಡಿದ್ರು. ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ಅಂದ್ರೆ ಎರಡೂವರೆ ಪಟ್ಟಿಗಿಂತ ಮೇಲೆ. ತೊಡೆಯ ಮಾಂಸ ನೂರಕ್ಕೆ 9ರಷ್ಟು ದಪ್ಪ ಆಯ್ತು. ಇಬ್ಬರು ದೊಣ್ಣೆ ಬಿಟ್ಟು ನಡೆದ್ರು.

ತಮ್ಮ: ತೊಂಬತ್ತರ ವಯಸ್ಸಲ್ಲಿ?

ಅಕ್ಕ: ತೊಂಬತ್ತರ ವಯಸ್ಸಲ್ಲಿ. ಇನ್ನೊಂದನ್ನೂ ಹೇಳ್ಬೇಕು, ಇಲ್ಲದಿದ್ರೆ ಅರ್ಧ ಸತ್ಯ ಆಗುತ್ತೆ. ಭಾರ ಎತ್ತೋದು ನಿಲ್ಲಿಸಿ ನಾಲ್ಕು ವಾರ ಸುಮ್ಮನಿದ್ದಾಗ, ಆಗ ಇದ್ದ ಗರಿಷ್ಠ ಬಲದಲ್ಲಿ ನೂರಕ್ಕೆ 32ರಷ್ಟು ಇಳಿದು ಹೋಯ್ತು. ಅಷ್ಟು ಬೇಗ ಬರುತ್ತೆ, ಅಷ್ಟೇ ಬೇಗ ಹೋಗುತ್ತೆ. ನಾನು ಸೋಮವಾರ, ಗುರುವಾರ ಯಾವ ಮದುವೆ ಇದ್ರೂ ಬಿಡದೆ ಮಾಡೋದು ಅದಕ್ಕೆ.

ತಮ್ಮ: ಶುರು ಮಾಡಿದ್ದು ಹೇಗೆ? ನೇರ ರಾಗಿ ಚೀಲಕ್ಕೇ ಕೈ ಹಾಕಿದ್ಯಾ?

ಅಕ್ಕ: ಅಯ್ಯೋ ಇಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಆ ಹುಡುಗಿ ನನ್ನ ಕೈಗೆ ಹಿಡಿತ ಅಳೆಯೋ ಒಂದು ಸಾಧನ ಕೊಟ್ಟು ಹಿಸುಕಿ ಅಂದ್ಲು. ಹಿಡಿತ ಎಷ್ಟು ಕೆ.ಜಿ. ಅಂತ ಮುಳ್ಳು ತೋರಿಸುತ್ತೆ. ಮುರಿಯದ ಎಡಗೈಯಲ್ಲೂ ಮುಳ್ಳು ಹೆಚ್ಚೇನೂ ಅಲುಗಲಿಲ್ಲ. ಕೈ ಹಿಡಿತ ನೋಡಿದ್ರೆ ಮೈಯ ಬಲ ಗೊತ್ತಾಗುತ್ತೆ ಅಂದ್ಲು. ಆಮೇಲೆ ತಿಳೀತು, 17 ದೇಶಗಳಲ್ಲಿ ಸುಮಾರು 1.4 ಲಕ್ಷ ಜನರ ಹಿಡಿತ ಅಳೆದು ಮಾಡಿದ ಅಧ್ಯಯನ 2015ರಲ್ಲಿ ಬಂದಿದೆ, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಅದರಲ್ಲಿದ್ದಾರೆ. ಹಿಡಿತ 5 ಕೆ.ಜಿ. ಕಮ್ಮಿ ಆದಷ್ಟೂ ಸಾವಿನ ಅಪಾಯ ನೂರಕ್ಕೆ 16ರಷ್ಟು ಹೆಚ್ಚು ಕಂಡಿತ್ತಂತೆ. ಇರಲಿ. ಅವಳು ಮುಂದೆ ಕೇಳಿದ್ದು ನನಗೆ ಹೆಚ್ಚು ತಾಗಿತು. ಅಮ್ಮ, ಇಲ್ಲಿ ಚಾಪೆ ಮೇಲೆ ಕೂತು ಎದ್ದು ತೋರಿಸಿ ಅಂದ್ಲು. ಕೂತೆ. ಏಳೋಕೆ ಎಡಗೈ ಊರಿದೆ, ಮಂಡಿ ಊರಿದೆ, ಮಂಚದ ಕಾಲು ಹಿಡ್ಕೊಂಡೆ, ಆದ್ರೂ ಆಗಲಿಲ್ಲ. ಆ ಹುಡುಗಿಗೆ ಇಪ್ಪತ್ತೈದಿರಬಹುದು. ಎತ್ತೋಕೆ ಬರಲಿಲ್ಲ ಅವಳು. ಪಕ್ಕದಲ್ಲಿ ಕೂತು, ಎಡ ಮಂಡಿ ಊರಿ, ಬಲ ಪಾದ ಮುಂದಿಡಿ, ಈಗ ತೊಡೆ ಮೇಲೆ ಕೈ ಒತ್ತಿ ಅಂತ ಒಂದೊಂದೇ ಹೇಳಿದ್ಲು. ಐದು ನಿಮಿಷ ಹಿಡೀತು. ಎದ್ದೆ. ಅವತ್ತು ಅವಳು ನನ್ನನ್ನ ಎತ್ತಿ ನಿಲ್ಲಿಸಿದ್ದಿದ್ರೆ ನಾನು ಇವತ್ತು ಇಲ್ಲಿ ಈ ಚೀಲ ಹಿಡಿದು ನಿಂತಿರ್ತಿರಲಿಲ್ಲ.

ತಮ್ಮ: ಆಮೇಲೆ?

ಅಕ್ಕ: ಮೊದಲು ಎತ್ತರದ ಕುರ್ಚಿಯಿಂದ ಏಳೋದು. ಐದು ಸಲ, ಸ್ವಲ್ಪ ಸುಧಾರಿಸ್ಕೊಂಡು ಮತ್ತೆ ಐದು. ಅದು ಸಲೀಸು ಆದ ಮೇಲೆ ತಗ್ಗಿನ ಸ್ಟೂಲು. ಅದೂ ಸಲೀಸಾದ ಮೇಲೆ ಕೈಯಲ್ಲಿ ಒಂದು ಕೆ.ಜಿ. ಉಪ್ಪಿನ ಪೊಟ್ಟಣ. ಗೋಡೆಗೆ ಎರಡು ಕೈ ಕೊಟ್ಟು ತಳ್ಳೋದು, ದಂಡ ತೆಗೆದ ಹಾಗೆ, ಆದರೆ ನಿಂತ್ಕೊಂಡು. ಹಳೇ ಸೀರೆಯಲ್ಲಿ ಎರಡು ಚೀಲ ಹೊಲಿದು ಒಂದೊಂದು ಕೆ.ಜಿ. ಮರಳು ತುಂಬಿದೀನಿ, ಅದನ್ನ ಕಾಲಿಗೆ ಕಟ್ಕೊಂಡು ಎತ್ತೋದು. ಬಿಂದಿಗೆಗೆ ಅರ್ಧ ನೀರು ತುಂಬಿ ಒಂದೇ ಕೈಯಲ್ಲಿ ಹಿಡಿದು ಹಿತ್ತಲಲ್ಲಿ ಆ ತುದಿಯಿಂದ ಈ ತುದಿಗೆ ನಡೆಯೋದು. ಎಡಗೈ, ಬಲಗೈ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲೋದು, ಗೋಡೆ ಕೈಗೆಟಕೋ ಹಾಗಿರಬೇಕು. ಕೊನೇ ಎರಡು ಸಲ ಕಷ್ಟ ಅನ್ನಿಸ್ಬೇಕು. ಅನ್ನಿಸದಿದ್ರೆ ಭಾರ ಸಾಲದು ಅಂತ ಲೆಕ್ಕ.

ತಮ್ಮ: ವಾರಕ್ಕೆ ಎರಡೇ ದಿನ ಸಾಕಾ?

ಅಕ್ಕ: ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋ ಪ್ರಕಾರ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ನಡಿಗೆಯಂಥದ್ದು, ಎರಡು ದಿನ ಬಲದ ಕೆಲಸ, ಮೂರು ದಿನ ಸಮತೋಲದ ಕೆಲಸ. ನಿನ್ನ ನಡಿಗೆ ಮೊದಲನೇದನ್ನ ಮುಗಿಸಿಕೊಡುತ್ತೆ. ಉಳಿದೆರಡು ಹಾಗೇ ಬಾಕಿ.

ತಮ್ಮ: ನಮ್ಮ ಕಡೆ ಎಲ್ಲರೂ ಯೋಗಕ್ಕೆ ಹೋಗ್ತಾರೆ. ಅದು ಸಾಲದಾ?

ಅಕ್ಕ: ಯಾವ ಯೋಗ ಅನ್ನೋದರ ಮೇಲೆ. ನಾಲ್ವಡಿಯವರ ಕಾಲದಲ್ಲಿ ಇದೇ ಊರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಹೇಳಿಕೊಟ್ಟ ಯೋಗದಲ್ಲಿ ಬೆವರು ಇಳೀತಿತ್ತು, ತೋಳು ತೊಡೆ ಎರಡಕ್ಕೂ ಕೆಲಸ ಇತ್ತು. ಅವರೂ ನೂರು ದಾಟಿ ಬದುಕಿದ್ರು, 1888ರಿಂದ 1989. ಅವರ ಶಿಷ್ಯರು ಬಿ.ಕೆ.ಎಸ್. ಅಯ್ಯಂಗಾರ್, ಕೋಲಾರದ ಬೆಳ್ಳೂರಿನವರು, 95ರವರೆಗೆ ಇದ್ರು. ಆದರೆ ನಿವೃತ್ತರ ಯೋಗ ಅಂತ ಈಗ ಎಷ್ಟೋ ಕಡೆ ಕೂತು ಉಸಿರಾಡಿಸಿ ಕಳಿಸ್ತಾರೆ. ಮನಸ್ಸಿಗೆ ನೆಮ್ಮದಿ ಸಿಗುತ್ತೆ, ತೊಡೆಗೆ ಬಲ ಬರಲ್ಲ. ಯೋಗ, ಭಾರ ಎರಡೂ ಒಟ್ಟಿಗೆ ಹೋಗ್ಬೇಕು ಅಂತ ಬಹಳ ಹಿಂದೆಯೇ ಕಂಡುಕೊಂಡವರು ನಮ್ಮಲ್ಲೇ ಇದ್ರು ಕಣೋ. ಕೆ.ವಿ. ಅಯ್ಯರ್.

ತಮ್ಮ: ಶಾಂತಲಾ ಕಾದಂಬರಿ ಬರೆದವರಾ?

ಅಕ್ಕ: ಅವರೇ. ನಾನು ಎಷ್ಟೋ ವರ್ಷ ಮಕ್ಕಳಿಗೆ ಅವರ ಹೆಸರು ಕಾದಂಬರಿಕಾರರು ಅಂತಷ್ಟೇ ಹೇಳಿದೀನಿ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ಕಟ್ಟಿದವರು, ದೇಹದಾರ್ಢ್ಯದಲ್ಲಿ ಹೊರದೇಶಗಳಲ್ಲೂ ಹೆಸರಾಗಿದ್ದವರು. ಸೂರ್ಯ ನಮಸ್ಕಾರದ ಮೇಲೂ ಬರೆದ್ರು, ಭಾರ ಎತ್ತೋದನ್ನೂ ಕಲಿಸಿದ್ರು, ಅಂಚೆಯಲ್ಲಿ ಪಾಠ ಕಳಿಸಿ ಕಲಿಸಿದ್ರು. ಒಂದೇ ಮೈಯಲ್ಲಿ ಸಾಹಿತ್ಯ, ಸಾಮು ಎರಡೂ ಇದ್ವು. ಈಗ ನಾವು ಓದಿದವರು ಅಂದ್ರೆ ಭಾರ ಎತ್ತಬಾರದು ಅನ್ನೋ ಹಾಗೆ ಬದುಕ್ತೀವಿ.

ತಮ್ಮ: ಅದು ನಿಜ. ಅಪ್ಪ ಬಸ್ಕಿ ಹೊಡೀತಿದ್ದಾಗ ನನಗೆ ನಾಚಿಕೆ ಆಗ್ತಿತ್ತು.

ಅಕ್ಕ: ಬಸ್ಕಿ ಅಂದ್ಯಲ್ಲ, ಅದು ನನ್ನನ್ನ ಚುಚ್ಚೋ ಮಾತು. ಗರಡಿಯಲ್ಲಿ ಬಸ್ಕಿ ಅಂದ್ರೆ ಮರ್ಯಾದೆ. ಶಾಲೆಯಲ್ಲಿ ಅದನ್ನ ನಾವು ಶಿಕ್ಷೆ ಮಾಡಿಬಿಟ್ವಿ. ಮನೆಪಾಠ ಬರೆಯದವರಿಗೆ 25 ಬಸ್ಕಿ ಅಂತ ನಾನೇ ಎಷ್ಟು ಸಲ ಹೇಳಿದೀನಿ. ತೊಡೆಗೆ, ಸೊಂಟಕ್ಕೆ ಅದಕ್ಕಿಂತ ಒಳ್ಳೇ ವ್ಯಾಯಾಮ ಇನ್ನೊಂದಿಲ್ಲ. ಅದನ್ನ ಅವಮಾನ ಅಂತ ಮಕ್ಕಳ ಮೈಗೆ ಕಲಿಸಿ ಕಳಿಸಿದೆ. ಆ ಮಕ್ಕಳಿಗೆ ಈಗ ಐವತ್ತು ಆಗಿರುತ್ತೆ. ಅವರಲ್ಲಿ ಯಾರಾದ್ರೂ ಸಿಕ್ಕಿದ್ರೆ ಈ ಮಾತು ಹೇಳ್ಬೇಕು ಅಂತಿದೆ. ಹುಡುಗಿಯರಿಗಂತೂ ಶಿಕ್ಷೆಯಾಗಿ ಮಾತ್ರ ಸಿಕ್ಕಿತು, ಗರಡಿಯೊಳಗೆ ಅವರನ್ನ ಬಿಡ್ತಿರಲಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯೋದು ಹೆಂಗಸರಿಗೆ. ಮೂಳೆ ಗಟ್ಟಿಯಾಗಿ ಉಳಿಯೋಕೆ ಭಾರ ಬೀಳ್ಬೇಕು. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ತಿಂಗಳಿಗೆ ನೂರಕ್ಕೆ ಒಂದರಷ್ಟೋ ಒಂದೂವರೆಯಷ್ಟೋ ಮೂಳೆ ಕರಗುತ್ತೆ, ಅದಕ್ಕೇ ಅಲ್ಲಿ ದಿನಾ ಗಂಟೆಗಟ್ಟಲೆ ವ್ಯಾಯಾಮ ಮಾಡಿಸ್ತಾರೆ. ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಬಾಗಿಲು ಮುಚ್ಚಿತ್ತು.

ತಮ್ಮ: ನನ್ನ ತೊಂದರೆ ಬೇರೆ ಅಕ್ಕ. ಮಂಡಿ ಸವೆದಿದೆ ಅಂತ ಎಕ್ಸ್‌ರೇ ನೋಡಿ ಹೇಳಿದ್ದಾರೆ. ಬಸ್ಕಿ ಹೊಡೆದ್ರೆ ಇನ್ನೂ ಸವೆಯಲ್ವಾ?

ಅಕ್ಕ: ನನ್ನ ಎರಡು ಮಂಡಿನೂ ಸವೆದಿವೆ. ಮೂಳೆ ತುದಿಯಲ್ಲಿರೋ ಮೆತ್ತೆಗೆ ರಕ್ತನಾಳ ಇಲ್ಲ. ಒತ್ತಿ ಬಿಟ್ಟಾಗ ಕೀಲಿನ ನೀರನ್ನ ಹೀರಿಕೊಂಡೇ ಅದು ಬದುಕಬೇಕು. ಆಡಿಸದೆ ಇಟ್ರೆ ಅದಕ್ಕೆ ಊಟ ಇಲ್ಲ. ಮೇಲಾಗಿ ತೊಡೆ ಗಟ್ಟಿ ಇದ್ರೆ ಅದು ಹೊರೆ ತಡ್ಕೊಳ್ಳುತ್ತೆ, ಇಲ್ಲದಿದ್ರೆ ಅಷ್ಟೂ ಮಂಡಿ ಮೇಲೇ ಬೀಳುತ್ತೆ. ಸವೆದ ಮಂಡಿಗೆ ಮೊದಲು ಹೇಳೋ ಚಿಕಿತ್ಸೆಗಳಲ್ಲಿ ವ್ಯಾಯಾಮವೇ ಒಂದು. ಪೂರ್ತಿ ಕುಕ್ಕರಗಾಲಿನವರೆಗೆ ಇಳೀಬೇಕಾಗಿಲ್ಲ, ನೋವು ತಡೆಯೋ ಮಟ್ಟಕ್ಕೆ ಇಳಿ. ಸ್ವಲ್ಪ ನೋವು ಬಂದು ಮಾರನೇ ದಿನಕ್ಕೆ ಇಳಿದ್ರೆ ಹೆದರಬೇಡ. ಊದಿಕೊಂಡ್ರೆ, ರಾತ್ರಿ ನಿದ್ದೆ ಕೆಡಿಸಿದ್ರೆ ಭಾರ ಕಮ್ಮಿ ಮಾಡು. ನಿನಗೆ ಬಿಪಿ ಇದೆ, ಡಾಕ್ಟರನ್ನ ಒಂದು ಮಾತು ಕೇಳಿ ಶುರು ಮಾಡು. ಎತ್ತುವಾಗ ಉಸಿರು ಕಟ್ಟಬೇಡ, ಉಸಿರು ಬಿಡ್ತಾ ಎತ್ತು. ಎದೆ ಹಿಡಿದ್ರೆ, ತಲೆ ಸುತ್ತಿದ್ರೆ ಅಲ್ಲಿಗೇ ನಿಲ್ಲಿಸು.

ತಮ್ಮ: ಶುಗರ್‌ಗೂ ಒಳ್ಳೇದಾ?

ಅಕ್ಕ: ಬಹಳ. ಊಟದ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗಿ ಸೇರ್ಕೊಳ್ಳೋದು ಮಾಂಸಖಂಡಕ್ಕೆ. ಕಣಜವೇ ಚಿಕ್ಕದಾದ್ರೆ ಭತ್ತ ಅಂಗಳದಲ್ಲೇ ಬಿದ್ದಿರಬೇಕು. ನಮ್ಮ ದೇಶದವರಿಗೆ ಈ ಕಣಜ ಮೊದಲೇ ಚಿಕ್ಕದು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಫೋಟೋ ಹಾಕಿ ಇದನ್ನ ತೋರಿಸಿದ್ರು, ಪುಣೆಯ ಯಾಜ್ಞಿಕ್, ಲಂಡನ್ನಿನ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರದೂ 22.3, ಒಂದೇ. ಮೈಯ ಕೊಬ್ಬು ನೋಡಿದ್ರೆ ಯುಡ್ಕಿನ್ನರದು ನೂರಕ್ಕೆ 9.1, ಯಾಜ್ಞಿಕರದು 21.2. ತೆಳ್ಳಗಿದೀನಿ, ನನಗೇನೂ ಇಲ್ಲ ಅಂತ ನಾವು ಅಂದ್ಕೊಳ್ತೀವಲ್ಲ, ಅದನ್ನ ನಂಬೋ ಹಾಗಿಲ್ಲ.

ತಮ್ಮ: ಊಟದಲ್ಲೂ ಏನಾದ್ರೂ ಬದಲಾಯಿಸಿದ್ಯಾ?

ಅಕ್ಕ: ಹೂಂ. ವಯಸ್ಸಾದವರಿಗೆ ರಾತ್ರಿ ಒಂದು ಹಿಡಿ ಅನ್ನ, ತಿಳಿಸಾರು, ಮಜ್ಜಿಗೆ ಸಾಕು ಅಂತ ನಾವು ಅಮ್ಮನಿಗೆ ಕೊಟ್ವಲ್ಲ, ಅದರಲ್ಲಿ ಮೈ ಕಟ್ಟೋ ವಸ್ತು ಹೆಚ್ಚೇನೂ ಇರಲಿಲ್ಲ. ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಅಂತ ನಮ್ಮ ಐಸಿಎಂಆರ್ ಲೆಕ್ಕ, ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಇರಲಿ ಅಂತ ತಜ್ಞರು ಹೇಳ್ತಾರೆ. 60 ಕೆ.ಜಿ. ಇರೋರಿಗೆ 60ರಿಂದ 72 ಗ್ರಾಂ ಆಯ್ತು. 100 ಗ್ರಾಂ ಹುರುಳಿಕಾಳಲ್ಲಿ 22 ಗ್ರಾಂ ಹತ್ತಿರ, ಕಡಲೆಬೀಜದಲ್ಲಿ 25, ಒಂದು ಮೊಟ್ಟೆಯಲ್ಲಿ 6. ರಾಗಿ ಒಳ್ಳೇದೇ, ಸುಣ್ಣದ ಅಂಶ ಚೆನ್ನಾಗಿದೆ, ಪ್ರೋಟೀನ್ ಮಾತ್ರ 7. ಅದಕ್ಕೇ ಮುದ್ದೆ ಜೊತೆ ಹುರುಳಿ ಸಾರು ಮಾಡಿದ್ರೆ ಕಾಳನ್ನೂ ತಿನ್ತೀನಿ, ಕಟ್ಟು ಮಾತ್ರ ಸುರ್ಕೊಳ್ಳಲ್ಲ. ಕಿಡ್ನಿ ತೊಂದರೆ ಇದ್ದೋರು ಕೇಳ್ಕೊಂಡು ತಿನ್ಬೇಕು, ಅದೊಂದು ನೆನಪಿಡು.

ತಮ್ಮ: ಅಕ್ಕಾ, ನೀನು ಇಷ್ಟೂ ಹೇಳ್ತಿದ್ರೆ ನನಗೆ ನಮ್ಮನೇಲಿರೋ ಅತ್ತೆ ನೆನಪಾಗ್ತಾ ಇದ್ದಾರೆ. ನನ್ನ ಹೆಂಡತಿಯ ತಾಯಿ. 86 ಆಯ್ತು. ಕಿಟಕಿ ಪಕ್ಕ ಕುರ್ಚಿ. ನೀರು ಬೇಕಂದ್ರೆ ತಂದುಕೊಡ್ತೀವಿ, ತಟ್ಟೆ ಕೈಗೇ ಕೊಡ್ತೀವಿ. ಏಳ್ಬೇಕಂದ್ರೆ ನಾನು ಒಂದು ಕಡೆ, ಹೆಂಡತಿ ಒಂದು ಕಡೆ ಕಂಕುಳಿಗೆ ಕೈ ಹಾಕಿ ಎತ್ತುತೀವಿ. ಬಂದವರೆಲ್ಲ ಎಷ್ಟು ಚೆನ್ನಾಗಿ ನೋಡ್ಕೊಳ್ತೀರಿ ಅಂತಾರೆ.

ಅಕ್ಕ: ಅವರಿಗೆ ಕಾಲಿನದು ಬೇರೆ ಏನಾದ್ರೂ ಕಾಯಿಲೆ ಇದೆಯಾ?

ತಮ್ಮ: ಏನಿಲ್ಲ. ಹೋದ ವರ್ಷದವರೆಗೂ ತುಳಸಿಕಟ್ಟೆ ಸುತ್ತುತಿದ್ರು. ಒಂದು ಸಲ ಜೋಲಿ ಹೊಡೆದ್ರು. ಅವತ್ತಿಂದ ನಾವು ಬಿಡಲಿಲ್ಲ.

ಅಕ್ಕ: ಬೋಸ್ಟನ್ನಿನವರಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ 86 ಅಂದೆನಲ್ಲ. ನಾಡಿದ್ದು ಊರಿಗೆ ಹೋದ ಮೇಲೆ ಅವರ ಡಾಕ್ಟರನ್ನ ಕೇಳು. ಸಾಧ್ಯ ಆದ್ರೆ ಫಿಸಿಯೋಥೆರಪಿಯವರನ್ನ ಒಂದೆರಡು ಸಲ ಮನೆಗೆ ಕರೆಸಿ ತೋರಿಸು. ಕುರ್ಚಿ ತಗ್ಗಿದ್ರೆ ಕೆಳಗೆ ದಪ್ಪ ಮೆತ್ತೆ ಹಾಕಿ ಎತ್ತರ ಮಾಡು. ಪಾದ ಹಿಂದಕ್ಕೆ ತರಿಸು, ಮುಂದಕ್ಕೆ ಬಾಗಿಸು. ಏಳಿ ಅತ್ತೆ ಅನ್ನು. ಕಂಕುಳಿಗೆ ಕೈ ಹಾಕಬೇಡ. ಕೈಗೆಟಕೋ ಅಷ್ಟು ದೂರದಲ್ಲಿ ನಿಂತಿರು. ಅವರು ಎಷ್ಟು ಹೊತ್ತು ತಗೊಂಡ್ರೂ ಕಾಯಿ. ಅಮ್ಮನಿಗೆ ನಾವು ಕಾಯಲಿಲ್ಲ ಕಣೋ. ಅವಸರ ಇತ್ತು ನಮಗೆ, ಎತ್ತಿಬಿಟ್ವಿ. ಇವರಿಗೆ ನೀನು ಕಾಯಿ.